ಸೊನ್ನೆಗೂ ಒಂದು ಗಡುವು

ಜೂನ್ ಮೂವತ್ತು. ಕಿಸುಮು ಬಸ್ ನಿಲ್ದಾಣದ ಹಿಂದೆ
ಟೈರ್ ಅಂಗಡಿಯ ಮೇಲಿನ ಮಹಡಿ.
ಬೆಳಗಿನ ಆರಕ್ಕೇ ಮೆಟ್ಟಿಲು ತುಂಬಿದೆ.
ಹನ್ನೊಂದು ತಿಂಗಳು ನಮ್ಮ ಬೋರ್ಡನ್ನೂ ಓದದೆ ಹಾದುಹೋದವರು
ಇಂದು ಹೆಸರು ಹಿಡಿದು ಕೂಗುತ್ತಾರೆ.

ಪರ್ಪೆಟುವಾ ಮೇಡಂ ಮೊದಲು ಮಾಡುವ ಕೆಲಸ
ಗೋಡೆಯ ಗಡಿಯಾರ ಇಳಿಸಿ, ಮುಖ ಕೆಳಗಾಗಿ
ಬೀರುವಿನ ಮೇಲೆ ಮಲಗಿಸುವುದು.
"ಹೊತ್ತು ನೋಡುವವರ ಕೈ ನಡುಗುತ್ತದೆ.
ನಡುಗುವ ಕೈ ಒಂದು ಸೊನ್ನೆ ಹೆಚ್ಚು ಒತ್ತುತ್ತದೆ.
ಆ ಸೊನ್ನೆ ಅಳಿಸಲು ವರ್ಷ ಬೇಕು, ತಂಗಿ."
ಆಮೇಲೆ ಚಹಾ. ಶುಂಠಿ ಜಾಸ್ತಿ. ಅವರಿಗೆ, ನನಗೆ,
ಮೆಟ್ಟಿಲ ಮೇಲಿನ ಮೊದಲ ಮೂವರಿಗೆ.
ನಾಲ್ಕನೆಯವರು ಪ್ರತಿವರ್ಷ ಜಗಳ ತೆಗೆಯುತ್ತಾರೆ.

ಒಮೇನಾ ಮೀನು ಮಾರುವ ನೆರೇಯಾ
ವರ್ಷದ ಲೆಕ್ಕವನ್ನು ಹಿಟ್ಟಿನ ಚೀಲದಲ್ಲಿ ತಂದಿದ್ದಾಳೆ.
ಸುರುವಿದರೆ ಮೇಜಿನ ತುಂಬ ಸರೋವರದ ವಾಸನೆ.
ರಸೀದಿಗೆ ಅಂಟಿದ ಹುರುಪೆ
ದೀಪದ ಕೆಳಗೆ ಚಿಲ್ಲರೆಯ ಹಾಗೆ ಮಿಂಚಿ
ಎರಡು ಸಲ ನನ್ನನ್ನು ಏಮಾರಿಸಿತು.
"ಮಾರ್ಚಿನದು ಎಲ್ಲಿ?"
"ಮಾರ್ಚಿನಲ್ಲಿ ಅಂತರಗಂಗೆ ದಡ ಮುಚ್ಚಿತ್ತು. ದೋಣಿ ಇಳಿಯಲಿಲ್ಲ.
ಅದಕ್ಕೂ ರಸೀದಿ ಕೊಡುತ್ತಾರಾ?"

ದರ್ಜಿ ಒಗುತು ಸಮವಸ್ತ್ರದ ಬಾಕಿಯನ್ನೆಲ್ಲ
ಬಟ್ಟೆಯ ಚೂರೊಂದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ.
ಹೆಂಡತಿ ಒಗೆದುಬಿಟ್ಟಳು.
ಈಗ ಕಣ್ಣು ಮುಚ್ಚಿ ನೆನಪಿನಿಂದ ಹೇಳುತ್ತಾನೆ,
ಮಕ್ಕಳ ಹೆಸರಲ್ಲ, ಅಳತೆ:
ಎದೆ ಇಪ್ಪತ್ತಾರು, ತೋಳು ಹದಿನಾಲ್ಕು, ಕೊಟ್ಟಿಲ್ಲ.
ಎದೆ ಇಪ್ಪತ್ತೆಂಟು, ಅರ್ಧ ಕೊಟ್ಟರು,
ಆ ಹುಡುಗ ಈಗ ಬೆಳೆದಿರಬೇಕು.

ಎರಡು ಗಂಟೆಯ ಮೇಲೆ ಸರ್ವರ್‌ಗೆ ಸುಸ್ತು.
ದೇಶವೇ ಒಂದೇ ಬಾಗಿಲಿಗೆ ಭುಜ ಕೊಟ್ಟು ನಿಂತಿದೆ.
ಪರದೆಯ ನಡುವೆ ಚಿಕ್ಕ ಉಂಗುರವೊಂದು
ಸುತ್ತುತ್ತದೆ, ಸುತ್ತುತ್ತದೆ.
ಗಾಣದ ಎತ್ತಿಗಾದರೂ ಎಣ್ಣೆಯ ಘಮ ಸಿಗುತ್ತದೆ.

ಸಂಜೆಗೆ ಬರುವವರು ಬೇರೆ.
ಚೀಲವಿಲ್ಲ, ರಸೀದಿಯಿಲ್ಲ, ಇಸ್ತ್ರಿ ಮಾಡಿದ ಅಂಗಿ.
ಪದವಿ ಮುಗಿದು ಎರಡು ವರ್ಷ, ಕೆಲವರಿಗೆ ನಾಲ್ಕು.
ಸಿಲ್ವಾನಸ್ ಕುರ್ಚಿಯ ಅಂಚಿಗೆ ಕೂತ.
"ಆದಾಯ?" ಎಂದೆ.
"ಏನೂ ಇಲ್ಲ."
ಏನೂ ಇಲ್ಲ ಎಂಬುದನ್ನು ಆ ಚೌಕ ಒಪ್ಪುವುದಿಲ್ಲ;
ಖಾಲಿ ಬಿಟ್ಟರೆ ಕೆಂಪಾಗುತ್ತದೆ.
ಸೊನ್ನೆ ಬರೆಯಬೇಕು. ಬರೆದು, ಸತ್ಯವೆಂದು ಒಪ್ಪಿಕೊಳ್ಳಬೇಕು.
ಹೊತ್ತು ಮೀರಿದ ಸೊನ್ನೆಗೆ ಎರಡು ಸಾವಿರ ಶಿಲ್ಲಿಂಗ್ ದಂಡ.

ತುಸು ಹೊತ್ತು ಸುಮ್ಮನಿದ್ದ.
"ಅಜ್ಜಿಯನ್ನು ನಾಲ್ಕು ತಿಂಗಳು ಎತ್ತಿ ಇಳಿಸಿದೆ.
ಪಕ್ಕದ ಮನೆಯ ಹುಡುಗನಿಗೆ ಬೀಜಗಣಿತ ಹೇಳಿಕೊಟ್ಟೆ,
ಅವರು ಜೋಳದ ಹಿಟ್ಟು ಕೊಟ್ಟರು.
ಹಿಟ್ಟು ಯಾವ ಕಾಲಮ್ಮಿಗೆ?"
ಪರದೆಯನ್ನು ಮೇಲೆ ಕೆಳಗೆ ಎಳೆದು ಹುಡುಕಿದೆ,
ಸಿಗುವುದಿಲ್ಲವೆಂದು ಗೊತ್ತಿದ್ದೂ, ಮರ್ಯಾದೆಗೆ.

ರಾತ್ರಿ. ಮೆಟ್ಟಿಲು ಖಾಲಿ.
ಬೀರುವಿನ ಮೇಲೆ ಬೋರಲು ಬಿದ್ದ ಗಡಿಯಾರ
ಮರವನ್ನೇ ತಮಟೆ ಮಾಡಿಕೊಂಡು
ಮೊದಲಿಗಿಂತ ಜೋರಾಗಿ ಬಡಿಯುತ್ತಿದೆ.
"ನಿನ್ನದು?" ಎಂದರು ಮೇಡಂ.
ನನ್ನದು! ಇನ್ನೂರ ಹದಿನೇಳು ಜನರ ನಡುವೆ ನಾನು.
ಹೋದ ವರ್ಷ ಓದುತ್ತಿದ್ದೆ, ಈ ವರ್ಷ ಕಲಿಯುತ್ತಿದ್ದೇನೆ,
ಕಲಿಯುವವರಿಗೆ ಇಲ್ಲಿ ಊಟ, ಬಸ್ ಖರ್ಚು, ಶುಂಠಿ ಚಹಾ.
ಸೊನ್ನೆ ಒತ್ತಿದೆ.
ಉಂಗುರ ಸುತ್ತಿತು. ಮೇಡಂ ನನ್ನ ಬೆನ್ನಿಗೆ ನಿಂತು
ಏನನ್ನೋ ಹೇಳಲು ಬಾಯಿ ತೆರೆದು, ಕೆಮ್ಮಿ ಮುಗಿಸಿದರು.
ಸ್ವೀಕರಿಸಲಾಗಿದೆ.

ಪ್ರಿಂಟರ್ ಬಿಸಿ ಕಾಗದ ಉಗುಳಿತು:
ನನ್ನ ಪೂರ್ತಿ ಹೆಸರಿದ್ದ ಮೊದಲ ರಸೀದಿ.
ಮೇಜಿನ ಮೇಲಿಟ್ಟು ತೆಗೆದರೆ
ಮೊತ್ತದ ಸಾಲಿಗೆ ನೆರೇಯಾಳ ಹುರುಪೆಯೊಂದು ಅಂಟಿತ್ತು.
ಕೊಡವಲಿಲ್ಲ.

ಮೇಡಂ ಗಡಿಯಾರವನ್ನು ಮೊಳೆಗೆ ಹಾಕಿದರು.
ಹನ್ನೆರಡು ದಾಟಿ ಹತ್ತು.
ಫೋನು ಹೊಡೆದುಕೊಂಡಿತು. ಯಾರೋ ಓಡಿಬಂದ ಉಸಿರು:
"ಗಡುವು ಮುಂದೆ ಹಾಕಿದ್ದಾರಂತೆ, ಹೌದೇ?"