ಒಳಗೋಡೆ

ಸೊಹಾರಿನ ಆಸ್ಪತ್ರೆ, ಲ್ಯಾಬಿನ ರಾತ್ರಿ ಪಾಳಿ.
ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ದ್ರಾಕ್ಷಿ ವಾಸನೆ.
ಮೊದಲ ವರ್ಷ ಈ ವಾಸನೆಗೆ ಹಸಿವಾಗುತ್ತಿತ್ತು;
ಈಗ ಗೊತ್ತು, ಇದು ಯಾರದೋ ಜ್ವರ.

ತಟ್ಟೆಯ ಮೇಲೆ ಹಸಿರು. ಹೆಸರು: ಹಮ್ಮಬ್ಬ,
ಉಪ್ಪಳದವರು, ನೀರಿನ ಟ್ಯಾಂಕರ್ ಚಾಲಕ,
ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸುದ್ದಿಯಿಲ್ಲ.
ಮೂತ್ರಕ್ಕೆ ಇಳಿಸಿದ ನಳಿಕೆ, ಮೂರನೇ ವಾರ,
ಮೂರನೇ ಸಲ ಚಳಿಜ್ವರ.

ನಮ್ಮ ಕಾಗದದ ಪ್ರಕಾರ ಔಷಧಿ ನಾಟುತ್ತದೆ:
ಬಿಲ್ಲೆಯ ಸುತ್ತ ಬೋಳು ವೃತ್ತ, ಇಪ್ಪತ್ತೆರಡು ಮಿಲಿಮೀಟರ್.
ನಾನೇ ಅಳೆದೆ. ನಾನೇ ಸಹಿ ಹಾಕಿದೆ.
ಆದರೆ ತಟ್ಟೆಯಲ್ಲಿರುವವು ಬಯಲಿಗೆ ಬಿದ್ದವು.
ನಳಿಕೆಯೊಳಗಿನವಕ್ಕೆ ಮನೆಯಿದೆ.

ಮೊದಲು ಒಂದು ಬಂದು ತಾಗುತ್ತದೆ. ಜಾರುತ್ತದೆ. ಮತ್ತೆ ತಾಗುತ್ತದೆ.
ಅಂಟಿದ ಮೇಲೆ ಈಜುವ ಬಾಲ ಬಿಟ್ಟು
ಒಳಗೆ ಯಾವುದೋ ಪುಟ್ಟ ಸಂಕೇತ ಏರಿ
ಓಡಾಟ ಸಾಕು, ಕಟ್ಟು ಅನ್ನುತ್ತದೆ.
ಬಾಯಿ ಬಿಟ್ಟರೆ ಬಣ್ಣಗೇಡೆಂದು ಅದಕ್ಕೆ ಯಾರು ಹೇಳಿದರೋ!
ವಿಷ ತೋರಿಸದೆ, ಒಂದೊಂದೇ ಅಣು ನೀರಿಗೆ ಬಿಟ್ಟು
ಎಷ್ಟು ಮರಳಿ ಬರುತ್ತದೆಂದು ನೋಡುತ್ತದೆ.
ಅದು ಅದರ ತಲೆಯೆಣಿಕೆ.
ಕಡಿಮೆಯಿದ್ದರೆ ಕಾಯುವುದು.
ಸಾಕಷ್ಟಾದ ದಿನ, ಎಲ್ಲವೂ ಒಟ್ಟಿಗೆ,
ಸಕ್ಕರೆಯ ಅಂಟು, ಸತ್ತ ನೆರೆಯವರ ಡಿಎನ್ಎ ದಾರ,
ನೀರು ಹರಿಯಲು ಓಣಿ, ತಳದಲ್ಲಿ
ಉಣ್ಣದೆ ಬೆಳೆಯದೆ ಮಲಗಿದ ಕೆಲವು.
ಎಚ್ಚರವಿದ್ದವರನ್ನಷ್ಟೇ ಕೊಲ್ಲಲು ಗೊತ್ತು ಔಷಧಿಗೆ.

"ನಿಮ್ಮವರ ಲೇಬರ್ ಕ್ಯಾಂಪಿನ ಹಾಗೆ," ನಕ್ಕರು ಹೊಸ ಡಾಕ್ಟರು.
ನಾನು ನಗಲಿಲ್ಲ.
ಕ್ಯಾಂಪಿನಲ್ಲಿ ಹನ್ನೆರಡು ಮಂಚ, ಒಂದು ನಲ್ಲಿ;
ಅಲ್ಲಿ ಯಾರೂ ಯಾರ ಮೈಯನ್ನೂ ತಿನ್ನುವುದಿಲ್ಲ.

ಹಮ್ಮಬ್ಬರಿಗೆ ಇದನ್ನೆಲ್ಲ ಹೇಳಬೇಕಾಗಿರಲಿಲ್ಲ.
"ಟ್ಯಾಂಕರಿನ ಒಳಗೋಡೆಗೆ ಕೈ ಹಚ್ಚಿ ನೋಡಿ ಸಿಸ್ಟರ್"
(ನಾನು ಸಿಸ್ಟರ್ ಅಲ್ಲ, ತಿದ್ದಲಿಲ್ಲ)
"ಬೆಂಡೆಕಾಯಿ ಲೋಳೆ. ಕ್ಲೋರಿನ್ ಎಷ್ಟು ಸುರಿದರೂ
ಮೇಲಿನದು ಸಾಯುತ್ತದೆ, ಅಡಿಯದು ನಗುತ್ತದೆ.
ಬ್ರಷ್ಷು ಹಿಡಿದು ಒಳಗಿಳಿಯಬೇಕು. ನಾನು ಬಿದ್ದದ್ದೇ ಹಾಗೆ.
ಇಳಿಯಲಾಗದಷ್ಟು ಸಣ್ಣ ಪೈಪಾದರೆ
ಬಿಸಾಡಿ, ಹೊಸತು ಹಾಕಬೇಕು.
ಇಷ್ಟಕ್ಕೆ ಮೂರು ವಾರವಾ?"

ಬೆಳಿಗ್ಗೆ ನಳಿಕೆ ಬದಲಿಸಿದರು.
ಹಳೆಯದರ ತುಂಡು ನನ್ನ ಮೇಜಿಗೆ ಬಂತು.
ಬಣ್ಣ ಹಾಕಿ ತೊಳೆದೆ, ಮತ್ತೆ ತೊಳೆದೆ;
ಒಳಗೋಡೆ ಮಾತ್ರ ನೇರಳೆ ಹಣ್ಣು ತಿಂದ ನಾಲಿಗೆ.

ಜ್ವರ ಇಳಿದಿದೆ, ಇವತ್ತಿಗೆ.
ಹೊಸ ನಳಿಕೆಗೆ ಇದು ಎರಡನೇ ದಿನ.
ಪಾಳಿ ಮುಗಿಸಿ ಕೈ ತೊಳೆಯುವಾಗ
ನಲ್ಲಿಯ ಬಾಯೊಳಗೆ ಬೆರಳಿಟ್ಟು ನೋಡಿದೆ.