ಹದಿನೇಳನೇ ಕಾಲಂ

ವರ್ಷಕ್ಕೊಮ್ಮೆ ದೆಹಲಿಯಿಂದ ಬರುವ ಫಾರಮ್ಮಿನಲ್ಲಿ
ಹದಿನೇಳನೇ ಕಾಲಂ: ನಿಮ್ಮ ವಿಶೇಷ ಪರಿಣತಿ.
ಬೆರಳಗಲದ ಜಾಗ.
ಇಪ್ಪತ್ತೆರಡು ವರ್ಷ ಅಲ್ಲೊಂದು ಅಡ್ಡಗೆರೆ ಎಳೆದು ಕಳಿಸಿದ್ದೇನೆ,
ಯಾರೂ ಏನೂ ಕೇಳಿಲ್ಲ.

ಲುಸಾಕಾದಲ್ಲಿ ಲೆಕ್ಕಪತ್ರ, ವಾರ್ಸಾದಲ್ಲಿ ಮಾವಿನ ಮೇಳ,
ನಡುವೆ ದೆಹಲಿಯ ನೆಲಮಾಳಿಗೆಯಲ್ಲಿ
ಎರಡು ವರ್ಷ ಬರೀ ಲಕೋಟೆಗಳಿಗೆ ಅರಗು.
ಬಾವುಟ ಅರ್ಧಕ್ಕಿಳಿಸುವ ಮೊದಲು ಪೂರ್ತಿ ಏರಿಸಬೇಕು,
ಮಂತ್ರಿಯ ಮಾತಿಗಿಂತ ಮಂತ್ರಿಯ ಮಂಡಿನೋವು ಮೊದಲು ತಿಳಿದಿರಬೇಕು,
ಶವದ ಪೆಟ್ಟಿಗೆಗೆ ವಿಮಾನದವರು ತೂಕ ಹಿಡಿದು ದರ ಹೇಳುತ್ತಾರೆ
ಎಂಬುದೆಲ್ಲ ಗೊತ್ತು.
ಹತ್ತೂರ ನೀರು ಕುಡಿದವಳು ನಾನು,
ಒಂದು ಬಾವಿಯ ಆಳವೂ ಗೊತ್ತಿಲ್ಲ.

ಈಗ ಮಸ್ಕತ್ತು.
ತಿಂಗಳಿಗೊಂದು ಶುಕ್ರವಾರ ಸೂರ್ ಪಟ್ಟಣಕ್ಕೆ ಹೊರಡುತ್ತೇವೆ:
ಡ್ರೈವರ್ ಖಲ್ಫಾನ್, ಗುಮಾಸ್ತೆ ಲಿಸಮ್ಮ, ಮೊಹರುಗಳ ಟ್ರಂಕು, ನಾನು.
ಎಡಕ್ಕೆ ಕಡಲು. ಬಲಕ್ಕೆ ಒಂದು ಗರಿಕೆಯೂ ಏಳದ ಗುಡ್ಡ.
ಶಾಲೆಯ ಹಾಲಿನಲ್ಲಿ ಮಕ್ಕಳ ಬೆಂಚು,
ಕಾಲು ಕುಂಟುವ ಮೇಜು;
ಒಂದೊಂದು ಮೊಹರಿಗೂ ಹೌದು ಹೌದು ಎಂದು ತಲೆಯಾಡಿಸುತ್ತದೆ.

ಸಂಬಳ ಸಿಗದ ಎಂಟು ಮಂದಿ ಬಂದರು,
ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಅಮ್ಮನದಾಗಿದ್ದ ಹುಡುಗ ಬಂದ,
ಆಮೇಲೆ, ಹಡಗುಕಟ್ಟೆಯ ಹಮೂದ್ ಕೈಹಿಡಿದು ಕರೆತಂದ
ಒಬ್ಬ ಮುದುಕ.
ನಲವತ್ತು ವರ್ಷ ಮರದ ಹಡಗಿಗೆ ಹಲಗೆ ಜೋಡಿಸಿದವನು.
ಊರೆಲ್ಲ ಕರೆಯುವುದು 'ಹಿಂದಿ' ಎಂದು;
ಅರಬ್ಬಿಯಲ್ಲಿ ಹಾಗೆಂದರೆ ಭಾರತದವನು.
ಅದೊಂದಕ್ಕೇ ಅವನ ಬಳಿ ದಾಖಲೆಯಿಲ್ಲ.

ಹೆಸರೇನು? ಅರಬ್ಬಿಯಲ್ಲಿ ಏನೋ ಅಂದ.
ಊರು? ಅದಕ್ಕೂ ಅರಬ್ಬಿ.
ಕ್ಷಮಾದಾನದ ಗಡುವಿಗೆ ಇನ್ನು ಹನ್ನೊಂದು ದಿನ.
ನಾನು ಮೊಹರು ಎತ್ತಿಟ್ಟೆ, ಮೇಜು ವಾಲಿತು.
ಮುದುಕ ಬಗ್ಗಿ, ಆ ಕಾಲನ್ನು ಹೆಬ್ಬೆರಳಲ್ಲಿ ಸವರಿ,
ಯಾರಿಗೂ ಅಲ್ಲದ ದನಿಯಲ್ಲಿ:
'ಕೀಸುಳಿ ಇದ್ರೆ ಸಮ ಮಾಡ್ಲಕ್ಕಿತ್ತ್.'

ನಾನು ಬೀದರಿನವಳು. ಆ ಕನ್ನಡ ನನ್ನದಲ್ಲ,
ಆದರೂ ಕನ್ನಡ.
ಲಿಸಮ್ಮನ ಫೋನಿನಿಂದ ಕೋಟೇಶ್ವರಕ್ಕೆ ಕರೆ;
ಹಳೆಯ ಸಹೋದ್ಯೋಗಿಯ ಅತ್ತೆ, ಮಧ್ಯಾಹ್ನದ ನಿದ್ದೆಯಿಂದ ಎದ್ದವರು,
ಅವನೊಡನೆ ಐದು ನಿಮಿಷ ಬಂಗುಡೆಯ ಮಾತಾಡಿ
ನನಗೆಂದರು: 'ಹ್ವಾಯ್, ಇವ್ರ್ ನಮ್ ಬದಿಯರೇ.'

ಬರೆದು ಕಳಿಸಿದೆ: ಅರ್ಜಿದಾರರನ್ನು ಮಾತಿನಿಂದ ಗುರುತಿಸಲಾಗಿದೆ.
ದೆಹಲಿ ಬರೆಯಿತು: ಮಾತು ದಾಖಲೆಯಲ್ಲ.
ನಾನು ಮತ್ತೆ ಬರೆದೆ. ಅವರೂ ಮತ್ತೆ.
ಒಂಬತ್ತನೇ ದಿನ, ಯಾವ ಮೇಜಿನಲ್ಲಿ ಯಾರಿಗೆ ಕರಗಿತೋ,
ಗಂಗೊಳ್ಳಿಯ ಒಂದು ಮತದಾರರ ಪಟ್ಟಿ, ಮಸುಕಾಗಿ,
ಅದರಲ್ಲೊಬ್ಬ ಸುಬ್ರಾಯ ಆಚಾರಿ.

ಬಿಳಿಯ ಪ್ರಯಾಣಪತ್ರ ನಾನೇ ಕೊಂಡೊಯ್ದು ಕೊಟ್ಟೆ.
ತಿರುವಿ ನೋಡಿದ. ಫೋಟೋದ ಮೇಲೆ ಊದಿದ,
ಹೊಟ್ಟು ಕೂತಿದೆಯೇನೋ ಎಂಬಂತೆ.
ಹಿಂದೆ ಅರ್ಧ ಮುಗಿದ ಹಡಗು, ಪಕ್ಕೆಲುಬೆಲ್ಲ ತೆರೆದು.
ಕೇಳಿದ: 'ನಾ ಹೋಯ್ಕಾ?'

ಇಂಥದಕ್ಕೆ ತರಬೇತಿಯಲ್ಲಿ ಒಂದು ವಾಕ್ಯ ಹೇಳಿಕೊಡುತ್ತಾರೆ.
ಅದನ್ನೇ ಹೇಳಿದೆ. ಹಮೂದ್ ಅತ್ತ ಮುಖ ತಿರುಗಿಸಿದ.

ಮುಂದಿನ ತಿಂಗಳು ಅದೇ ಹಾಲು, ಅದೇ ಟ್ರಂಕು.
ಮೊಹರು ಒತ್ತಿದೆ; ಮೇಜು ಅಲುಗಲಿಲ್ಲ.
ಬಗ್ಗಿ ನೋಡಿದರೆ ಕಾಲಿನಡಿ ತೇಗದ ಚಕ್ಕೆ,
ಉಗುರಿನಷ್ಟು, ಅಂಚು ನಯ ಮಾಡಿದ್ದು.
ಯಾವಾಗ ಬಂದಿದ್ದ, ಕಾವಲುಗಾರನಿಗೂ ನೆನಪಿಲ್ಲ.

ಈ ವರ್ಷದ ಫಾರಮ್ಮು ಇನ್ನೂ ನನ್ನ ಚೀಲದಲ್ಲಿದೆ.
ಹದಿನೇಳರಲ್ಲಿ ಗೆರೆ ಎಳೆದಿಲ್ಲ.
ಲಿಸಮ್ಮ ಕೂಗುತ್ತಿದ್ದಾಳೆ: ಮೇಡಂ, ಇಪ್ಪತ್ಮೂರನೇ ಟೋಕನ್,
ಗಂಡನ ಶವ, ಜೊತೆಗೆ ಒಂದು ಹೊಲಿಗೆ ಮಿಷನ್,
ಎರಡೂ ಒಂದೇ ವಿಮಾನದಲ್ಲಿ ಹೋಗಬಹುದಾ ಎಂದು ಕೇಳುತ್ತಿದ್ದಾರೆ.