ನಡಾವಳಿ

ಗಿಣಿಗೇರಿ ಬಯಲಲ್ಲಿ ಸಂಜೆ ಐದಕ್ಕೆ ಗಾಳಿ ತಿರುಗುತ್ತದೆ.
ಗಾಳಿಚೀಲ ಯಾರ ಮುಲಾಜೂ ನೋಡದೆ
ಬಾಲ ಬೀಸಿ ಹೇಳುತ್ತದೆ.
ನಮಗೆ ಮಾತ್ರ ಎರಡು ತಿಂಗಳು ಹಿಡಿಯಿತು.

ಮೊದಲು ಬಂದವನು ಕುರಿಗಾರ ದ್ಯಾಮಣ್ಣ,
ಕಂಬಳಿಯೊಳಗೆ ಕಾಲು ಮುರಿದ ಮರಿ.
"ನಿಮ್ಮ ಇಮಾನ ನನ್ನ ಟಗರಿನ ಕೊಂಬು
ಎಣಿಸಿಕೊಂಡು ಹೋತ್ರಿ" ಅಂದ.
ನಕ್ಕೆವು. ಚಹಾ ಕೊಟ್ಟೆವು.
ಐನೂರು ರೂಪಾಯಿ, ರಸೀದಿ ಇಲ್ಲದೆ.

ಆಮೇಲೆ ಮೆಕ್ಯಾನಿಕ್ ಖಾದರಬಾಷಾ
ಚಕ್ರದ ಸಂದಿಯಿಂದ ಎಳೆದು ತಂದ
ಹಾಲುಗಾಳಿನ ಒಂದು ಜೋಳದ ತೆನೆ.
ಹಾರಾಟದ ವಹಿಯಲ್ಲಿ ಅವತ್ತಿನ ಎತ್ತರ
ಸಾವಿರದ ಐನೂರು ಅಡಿ.
"ಅಷ್ಟು ಎತ್ತರ ಬೆಳಿಯೋ ಜೋಳ
ಯಾವ ಸೀಮ್ಯಾಗ ಐತ್ರಿ, ಸರ?"
ಆ ಸಾಲಿನ ಕೆಳಗೆ, ಕಾರ್ಯದರ್ಶಿ ಎಂದು
ನನ್ನದೇ ಸಹಿ, ಹಸಿರು ಶಾಯಿ.

ಭಾನುವಾರ ಸಭೆ. ಮಂಡಕ್ಕಿ, ಮಿರ್ಚಿ, ಐದು ಕುರ್ಚಿ.
ವಿಷಯ: ಸದಸ್ಯ ಅಮರೇಗೌಡ ಮುದ್ದಾಬಳ್ಳಿ.
ತಲೆಯ ಮೇಲೆ ಅವರೇ ಹಾಕಿಸಿದ ತಗಡು
ಬಿಸಿಲಿಗೆ ಟಕ್ ಟಕ್ ಅನ್ನುತ್ತಿತ್ತು.
"ಇಪ್ಪತ್ತೆರಡು ವರ್ಷ ಹಾರಿಸ್ಯಾರ, ಒಂದು ಗೀರು ಬಿದ್ದಿಲ್ಲ."
"ಕಾಗದ ಬರೆದ್ರ ಮ್ಯಾಲಿನವರು ಬಂದು ನಮಗ ಬೀಗ ಜಡೀತಾರ."
"ಊಟಕ್ಕ ಕರದು ಮೆಲ್ಲಗ ಹೇಳೂಣು."
ಹೋಳಿಗೆ ಊಟವೋ, ಬರೀ ರೊಟ್ಟಿಯೋ
ಎಂಬಲ್ಲಿಗೆ ಮಾತು ಬಂದಾಗ
ತರಬೇತುದಾರೆ ರುಕ್ಸಾನಾ ಎದ್ದಳು:
"ನಾಳೆ ಅವರ ಪಕ್ಕದ ಸೀಟಿಗೆ
ಮಕ್ಕಳನ್ನ ಕೂಡಸವರು ಕೈ ಎತ್ತರಿ."
ಕೈಗಳೆಲ್ಲ ಮಂಡಕ್ಕಿಯಲ್ಲಿದ್ದವು.

ಅಷ್ಟೇ ಠರಾವು.
ಕೀಲಿ ಕ್ಲಬ್ಬಿನಲ್ಲಿ.
ರುಕ್ಸಾನಾ ಜೊತೆ ಹತ್ತು ತಾಸು.
ದ್ಯಾಮಣ್ಣನಿಗೆ ರಸೀದಿ.
ಸುಳ್ಳು ಎತ್ತರಕ್ಕೆ ಸಹಿ ಹಾಕಿದವನ ಹೆಸರೂ
ಕೆಳಗೆ ಬರೆದುಕೊಂಡೆ.

ಹೇಳಲು ಹೋದೆ.
ಗೌಡರು ವಿಮಾನದ ಗಾಜಿಗೆ ಅಂಟಿದ
ಹುಳ ಒರೆಸುತ್ತಿದ್ದರು.
"ತಗಡು ಬಿಚ್ಚಿಸಲೇನು?"
"ಬಿಚ್ಚಸ್ರಿ. ಬಿಸಿಲು ನಮಗ ಹೊಸದಲ್ಲ."
ನಗಲಿಲ್ಲ, ಸಿಟ್ಟಾಗಲಿಲ್ಲ.
ಬೆವರಿದ ಕೀಲಿಯನ್ನು ನನ್ನ ಅಂಗೈಗಿಟ್ಟು
ದನಿ ತಗ್ಗಿಸಿದರು:
"ಜೋಳದ ಹೊಲದಾಗಿನ ಕಂಬ
ಅವತ್ತ ನನಗ ಕಾಣಲೇ ಇಲ್ಲೋ.
ಇದನ್ನ ಬರಿಬ್ಯಾಡ."

ಬರೆದೆ.
ಶಾಯಿ ಆರುವ ತನಕ ಅವರು ಅಲ್ಲೇ ನಿಂತಿದ್ದರು.
ನಲವತ್ತು ಹೆಜ್ಜೆ ಆಚೆ ಕಿತ್ತಳೆ ಬಣ್ಣದ ಚೀಲ
ಪಟಪಟ ಬಡಿದುಕೊಳ್ಳುತ್ತಿತ್ತು.
ಮುಖ ಅತ್ತಲೇ ಮಾಡಿ ಕೇಳಿದರು:
"ಗಾಳಿ ಯಾವ ಕಡೆ ಐತಿ?"